ಭಾಸ್ಕರನ ಚಕ್ರ ಕಟ್ಟಿ ನೋಡಿದ್ದು: 12 ಗುಂಡು, 12 ನಿಲ್ದಾಣ

ಯಾರೂ ತಳ್ಳದೆ ತಾನಾಗಿ ತಿರುಗುತ್ತಿರಬೇಕು ಎಂದು ಭಾಸ್ಕರಾಚಾರ್ಯ ಹೇಳಿದ ಚಕ್ರ ಕಟ್ಟಿ ಮುಗಿದಿದೆ, ತಾನಾಗಿ ತಿರುಗುವುದಿಲ್ಲ. ಕೈಯಿಂದ ತಳ್ಳಿದರೂ ನಾಲ್ಕು ಸುತ್ತು ಪೂರ್ತಿ ಬರುವುದಿಲ್ಲ. ಅದೇ ಚಕ್ರದ ಒಳಗಿನ ಗುಂಡುಗಳು ಅಲ್ಲಾಡದಂತೆ ಸ್ಪಂಜು ತುರುಕಿ ಅಷ್ಟೇ ವೇಗಕ್ಕೆ ತಳ್ಳಿದರೆ ಆರೂಮುಕ್ಕಾಲು ನಿಮಿಷ ತಿರುಗುತ್ತದೆ. ಚಕ್ರವನ್ನು ಓಡಿಸಬೇಕಾಗಿದ್ದ ಗುಂಡುಗಳೇ ಅದಕ್ಕೆ ಬ್ರೇಕು ಹಾಕುತ್ತಿವೆ. ಇಂಥ ಯಂತ್ರ ಕಟ್ಟಹೊರಟವರು ಬೇರೆ ಯಾವ ಪರೀಕ್ಷೆ ಬಿಟ್ಟರೂ ಇದೊಂದನ್ನು ಬಿಡಬೇಡಿ. ಉಳಿದದ್ದು ಅಲ್ಲಿಗೆ ತಲುಪಿದ ದಾರಿ, ತಪ್ಪುಗಳ ಸಮೇತ.

ಹಂತ 0: ಯಾವ ಚಕ್ರ

ಮೂಲ ಮಾದರಿ ಭಾಸ್ಕರಾಚಾರ್ಯನದು. 1150ರ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿದೆ: ಹಗುರ ಮರದ ಚಕ್ರ, ಸಮ ಅಂತರದಲ್ಲಿ ಒಂದೇ ಅಳತೆಯ ಟೊಳ್ಳು ಅರಗಳು, ಎಲ್ಲವೂ ಒಂದೇ ಕಡೆಗೆ ಸ್ವಲ್ಪ ವಾಲಿರಬೇಕು, ಪ್ರತಿಯೊಂದರಲ್ಲೂ ಅರ್ಧದಷ್ಟು ಪಾದರಸ, ಬಾಯಿ ಮುಚ್ಚಿ ಎರಡು ಕಂಬಗಳ ಮೇಲೆ ಅಚ್ಚು ಕೂರಿಸಿದರೆ ತಾನಾಗಿ ತಿರುಗುತ್ತದೆ ಎಂದು. ಬ್ರಹ್ಮಗುಪ್ತನ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲೂ ಇದರ ಹಿರಿಯಣ್ಣನಂಥ ಚಕ್ರವೊಂದಿದೆ. ಆಮೇಲೆ ಬಂದ ಸುತ್ತಿಗೆಯ ಚಕ್ರ, ಗುಂಡಿನ ಚಕ್ರ, ಮಡಚುವ ಕೈಗಳ ಚಕ್ರ ಎಲ್ಲವೂ ಇದೇ ಕುಲದವು. ಇಳಿಯುವ ಕಡೆ ಭಾರ ಅಂಚಿಗೆ ಸರಿಯಬೇಕು, ಏರುವ ಕಡೆ ನಡುವಿಗೆ ಸರಿಯಬೇಕು, ಇಷ್ಟೇ ಉಪಾಯ.

ಪಾದರಸ ಬೇಡ. ಅದರ ಆವಿ ವಿಷ, ಒಡೆದ ನಳಿಗೆಯಿಂದ ನೆಲದ ಸಂದಿಗೆ ಹೋದದ್ದು ಪೂರ್ತಿ ವಾಪಸ್ ಸಿಗುವುದಿಲ್ಲ.

ಹಂತ 1: ನೀರಿನ ನಳಿಗೆ (ಕೈಬಿಟ್ಟದ್ದು)

ಮೊದಲು 5 ಮಿ.ಮೀ. ಒಳವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ, 250 ಮಿ.ಮೀ. ಉದ್ದದ 12 ತುಂಡು. ಅರ್ಧ ನೀರು ತುಂಬಿ ತಲೆಕೆಳಗು ಮಾಡಿದರೆ ನೀರು ಕೆಳಗಿಳಿಯಲೇ ಇಲ್ಲ. ಇಷ್ಟು ಸಣ್ಣ ನಳಿಗೆಯಲ್ಲಿ ಗಾಳಿಗುಳ್ಳೆ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. 12 ಮಿ.ಮೀ. ನಳಿಗೆಗೆ ಬದಲಾಯಿಸಿದ ಮೇಲೆ ನೀರು ಹರಿಯಿತು, ಆದರೆ ಒಂದು ನಳಿಗೆಗೆ ಹಿಡಿದದ್ದು 14 ಗ್ರಾಂ ಮಾತ್ರ. ಅಷ್ಟೇ ಜಾಗದಲ್ಲಿ ಪಾದರಸವಾಗಿದ್ದರೆ 190 ಗ್ರಾಂ ಇರುತ್ತಿತ್ತು. ತುದಿಗೆ ಹಾಕಿದ ಬಿಸಿ ಗೋಂದು ರಾತ್ರಿ ಕಳೆಯುವುದರೊಳಗೆ ಎದ್ದು ಬಂತು. ಮೂರು ನಳಿಗೆ ಸೋರಿ ಚಕ್ರದ ತೂಕವೇ ಒಂದು ಕಡೆಗೆ ವಾಲಿತು. ರಬ್ಬರ್ ಬಿರಡೆ ಹಾಕಿ ಮೇಲೆ ಎಪಾಕ್ಸಿ ಬಳಿದರೆ ಸೋರುವುದು ನಿಲ್ಲುತ್ತದೆ, ಆದರೆ ಆಮೇಲೆ ನೀರು ಹೆಚ್ಚುಕಡಿಮೆ ಮಾಡಲು ಆಗುವುದಿಲ್ಲ. ಉಕ್ಕಿನ ಗುಂಡಿಗೆ ಹೋದದ್ದು ಇದಕ್ಕೇ.

ಹಂತ 2: ತಟ್ಟೆ

ಬೇಕಾದ ಸಾಮಾನು: 12 ಮಿ.ಮೀ. ಪ್ಲೈವುಡ್ ಎರಡು ತುಂಡು, 2 ಮಿ.ಮೀ. ಅಕ್ರಿಲಿಕ್ ಹಾಳೆ ಎರಡು, 20 ಮಿ.ಮೀ. ಉಕ್ಕಿನ ಗುಂಡು 12. ಒಂದು ಗುಂಡು 33 ಗ್ರಾಂ ತೂಗುತ್ತದೆ (ಲೆಕ್ಕದ ಪ್ರಕಾರ 32.7). ತಟ್ಟೆಯ ವ್ಯಾಸ 480 ಮಿ.ಮೀ.

ಸ್ಲಾಟುಗಳ (ಗುಂಡು ಉರುಳುವ ಉದ್ದ ಸೀಳುಗಳ) ಗುರುತು ಹೀಗೆ: ಕೇಂದ್ರದಿಂದ 120 ಮಿ.ಮೀ. ಮತ್ತು 220 ಮಿ.ಮೀ. ತ್ರಿಜ್ಯದ ಎರಡು ವೃತ್ತ ಎಳೆದು, ಎರಡನ್ನೂ 30 ಡಿಗ್ರಿಗೊಂದರಂತೆ ಭಾಗ ಮಾಡಿ. ಒಳವೃತ್ತದ ಪ್ರತಿ ಗುರುತಿನಿಂದ, ತಿರುಗುವ ದಿಕ್ಕಿನಲ್ಲಿ 45 ಡಿಗ್ರಿ ಮುಂದಿರುವ ಹೊರವೃತ್ತದ ಬಿಂದುವಿಗೆ ಗೆರೆ. ಹೊರಗಿನ ಗುರುತುಗಳನ್ನು 15 ಡಿಗ್ರಿ ಸರಿಸಿಯೇ ಹಾಕಿಕೊಂಡರೆ ಎರಡೂ ಹೊಂದುತ್ತವೆ. ಗೆರೆಯ ಉದ್ದ ಸುಮಾರು 160 ಮಿ.ಮೀ. ಬಂದರೆ ಗುರುತು ಸರಿ ಇದೆ ಎಂದು.

ಗೆರೆಯ ಎರಡೂ ತುದಿಗೆ 22 ಮಿ.ಮೀ. ಫ್ಲಾಟ್ ಬಿಟ್ಟಿನಿಂದ ತೂತು, ನಡುವಿನ ಭಾಗ ಜಿಗ್‌ಸಾದಿಂದ ಕತ್ತರಿಸಿದ್ದು. ಒಳತುದಿಯಲ್ಲಿ ಪಕ್ಕದ ಸ್ಲಾಟಿಗೂ ಇದಕ್ಕೂ ನಡುವೆ ಉಳಿಯುವ ಮರ 7 ಮಿ.ಮೀ. ಮಾತ್ರ. ಬಿಟ್ ಅವಸರದಿಂದ ಒತ್ತಿದರೆ ಆ ಗೋಡೆ ಸಿಡಿದುಹೋಗುತ್ತದೆ. 4ನೇ ಮತ್ತು 5ನೇ ಸ್ಲಾಟಿನ ನಡುವೆ ಹೋಗಿಯೇಬಿಟ್ಟಿತು. ಗೋಂದಿನಲ್ಲಿ ಮರದ ಪುಡಿ ಕಲೆಸಿ ತುಂಬಿ ಉಪ್ಪುಕಾಗದ ಹೊಡೆದದ್ದಾಯಿತು. ತಟ್ಟೆಯ ಅಡಿಗೆ ಹಳೆ ಹಲಗೆ ಇಟ್ಟು ಕೊರೆದರೆ ಈ ಕಾಟ ಬಹುಪಾಲು ಇರುವುದಿಲ್ಲ.

ದೊಡ್ಡ ತಪ್ಪು ಇನ್ನೊಂದು. ಎರಡು ಪ್ಲೈವುಡ್ ಹಾಳೆಗಳನ್ನು ಬೇರೆ ಬೇರೆ ಕೊರೆದು ಆಮೇಲೆ ಅಂಟಿಸಿದ್ದು. ಒಂದು ಮಿಲಿಮೀಟರಿನಷ್ಟು ಹೊಂದದೆ ಪ್ರತಿ ಸ್ಲಾಟಿನೊಳಗೂ ಮೆಟ್ಟಿಲಿನಂಥ ಅಂಚು ಬಂತು, ಗುಂಡು ಅಲ್ಲಿ ತಡೆದು ನಿಲ್ಲುತ್ತಿತ್ತು. ಆ ತಟ್ಟೆ ಎಸೆದದ್ದೇ. ಎರಡನೆಯ ಸಲ ಮೊದಲು ಅಂಟಿಸಿ, ಒಂದು ದಿನ ಒಣಗಿಸಿ, 24 ಮಿ.ಮೀ. ದಪ್ಪವನ್ನು ಒಂದೇ ಸಲಕ್ಕೆ ಕೊರೆದದ್ದು.

ಹಂತ 3: ಅಚ್ಚು ಮತ್ತು ಬೇರಿಂಗ್

ಮೊದಲ ಪ್ರಯತ್ನದಲ್ಲಿ ಎಂ8, ಅಂದರೆ 8 ಮಿ.ಮೀ. ಅಳತೆಯ, ಮರೆ (ಥ್ರೆಡ್) ಇರುವ ಸರಳು, ಎರಡು ಕಡೆ ನಟ್ಟು. ಅಂಚಿನಲ್ಲಿ ನೋಡಿದರೆ ತಟ್ಟೆ 3 ಮಿ.ಮೀ. ಓಲಾಡುತ್ತಿತ್ತು. ಮರೆಯ ಸರಳು ನೇರವಾಗಿರುವುದು ಅಪರೂಪ, ಅದರ ಹೊರವ್ಯಾಸವೂ ಪೂರ್ತಿ 8 ಇರುವುದಿಲ್ಲ, ಬೇರಿಂಗಿನಲ್ಲಿ ಸಡಿಲ. 8 ಮಿ.ಮೀ. ನಯವಾದ ಉಕ್ಕಿನ ಸರಳು ಹಾಕಿ, ಅದಕ್ಕೆ ಬಿಗಿಯುವ ತಿರುಪಿನ ಫ್ಲ್ಯಾಂಜ್ ಹಾಕಿ, ತಟ್ಟೆಯನ್ನು ಅದಕ್ಕೆ ನಾಲ್ಕು ಬೋಲ್ಟಿನಿಂದ ಕೂರಿಸಿದ ಮೇಲೆ ಓಲಾಟ ಅರ್ಧ ಮಿಲಿಮೀಟರಿಗಿಂತ ಕಡಿಮೆ.

ಬೇರಿಂಗ್ 608, ಸ್ಕೇಟಿಂಗ್ ಚಕ್ರದಲ್ಲಿ ಇರುವಂಥದು. ಹೊಸದರಲ್ಲಿ ಗ್ರೀಸು ತುಂಬಿರುತ್ತದೆ, ಇಂಥ ಕೆಲಸಕ್ಕೆ ಅದು ಜಾಸ್ತಿ. ಪಕ್ಕದ ಮುಚ್ಚಳ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆಯಂತ್ರದ ಎಣ್ಣೆ ಒಂದೇ ಹನಿ. ಎರಡು ಹನಿ ಬಿದ್ದರೂ ಓಟದ ಸಮಯ ಕಡಿಮೆಯಾಗುತ್ತದೆ.

ಹಂತ 4: ಸಮತೂಕ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. "ನನ್ನ ಚಕ್ರ ತಾನಾಗಿ ತಿರುಗಿತು" ಎಂಬ ಮಾತು ಹುಟ್ಟುವ ಜಾಗವೂ ಬಹುಮಟ್ಟಿಗೆ ಇದೇ.

ಗುಂಡು ಹಾಕುವ ಮೊದಲೇ ಬರೀ ತಟ್ಟೆಯನ್ನು ಕಂಬದ ಮೇಲೆ ಕೂರಿಸಿ ಬಿಟ್ಟಾಗ ಅದು ಸುಮಾರು ಮುಕ್ಕಾಲು ಸುತ್ತು ತಿರುಗಿ, ತೂಗಾಡಿ, ನಿಂತಿತು. ಯಾವ ಕಡೆಯಿಂದ ಬಿಟ್ಟರೂ 9ನೇ ಸ್ಲಾಟು ಕೆಳಗೆ. ಕೇಂದ್ರದ ತೂತು ಸುಮಾರು 1 ಮಿ.ಮೀ. ಪಕ್ಕಕ್ಕೆ ಹೋಗಿತ್ತು. ತಟ್ಟೆ, ಅಕ್ರಿಲಿಕ್ ಸೇರಿ 2.8 ಕಿಲೋ. 2,800 ಗ್ರಾಂ ಒಂದು ಮಿಲಿಮೀಟರ್ ಸರಿದರೆ ತೂಕವನ್ನು ದೂರದಿಂದ ಗುಣಿಸಿದ ತಿರುಗುಬಲ 2,800 ಗ್ರಾಂ-ಮಿಲಿಮೀಟರ್. ಮುಂದೆ ಬರುವ 12 ಗುಂಡುಗಳೂ ಸೇರಿ ಕೊಡುವ ತಿರುಗುಬಲ ಅತಿ ಹೆಚ್ಚೆಂದರೆ ಸುಮಾರು 5,200. ಅಂದರೆ ತೂತು ಒಂದು ಮಿಲಿಮೀಟರ್ ತಪ್ಪಿದರೆ ಇಡೀ ಪ್ರಯೋಗದ ಅರ್ಧಕ್ಕೂ ಹೆಚ್ಚು ಅಲ್ಲೇ ಮುಳುಗುತ್ತದೆ.

ಸರಿಪಡಿಸಲು 3ನೇ ಸ್ಲಾಟಿನ ಹತ್ತಿರ ಅಂಚಿಗೆ ವಾಷರುಗಳನ್ನು ಅಂಟಿಸಿದ್ದು, ಒಟ್ಟು 12 ಗ್ರಾಂ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವವರೆಗೆ ಅರ್ಧರ್ಧ ಗ್ರಾಂ ಸೇರಿಸುತ್ತ ಕೂರಬೇಕು. ತೊಳೆದ ಬೇರಿಂಗಿನಲ್ಲಿ ಅರ್ಧ ಗ್ರಾಮಿನ ವ್ಯತ್ಯಾಸವೂ ಗೊತ್ತಾಗುತ್ತದೆ. ಫ್ಯಾನು ಹಾಕಿಕೊಂಡು ಈ ಕೆಲಸ ಮಾಡಬೇಡಿ, 480 ಮಿ.ಮೀ. ತಟ್ಟೆಗೆ ಗಾಳಿ ಸಾಕಷ್ಟು ಸಿಗುತ್ತದೆ. ಕಂಬಗಳನ್ನು ರಸಮಟ್ಟ ಇಟ್ಟು ನೋಡಿ, ಅಚ್ಚು ವಾಲಿದ್ದರೆ ತಟ್ಟೆ ಒಂದು ಕಂಬಕ್ಕೆ ಸರಿದು ಉಜ್ಜುತ್ತದೆ.

ಹಂತ 5: ಗುಂಡು ಹಾಕಿ ಎಣಿಸಿದ್ದು

ಎರಡೂ ಕಡೆ ಅಕ್ರಿಲಿಕ್ ಮುಚ್ಚಿ, 12 ಗುಂಡು ಒಳಗೆ. ಕೈಬಿಟ್ಟೊಡನೆ ಚಕ್ರ ಬಲಕ್ಕೆ ಸ್ವಲ್ಪ ಸರಿಯಿತು, "ಟಕ್" ಎಂದು ಎರಡು ಸಲ ತೂಗಿತು, ನಿಂತಿತು. ಮತ್ತೆ ಬೇರೆ ಜಾಗದಿಂದ ಬಿಟ್ಟದ್ದು. ಸರಿಯಿತು, ತೂಗಿತು, ನಿಂತಿತು. ಇಪ್ಪತ್ತು ಸಲ ಬಿಟ್ಟು, ನಿಂತ ಜಾಗಗಳನ್ನು ಚಾಕ್‌ಪೀಸಿನಿಂದ ಕಂಬದ ಮೇಲೆ ಗುರುತು ಮಾಡಿದಾಗ ಎಲ್ಲವೂ ಸುಮಾರು 30 ಡಿಗ್ರಿ ಅಂತರದ ಹನ್ನೆರಡು ಜಾಗಗಳಲ್ಲೇ ಬಂದವು.

ನಿಂತ ಚಕ್ರವನ್ನು ಎದುರಿನಿಂದ ನೋಡಿದರೆ ಈಗಲೂ ಕಣ್ಣು ನಂಬುವುದಿಲ್ಲ. ಬಲಗಡೆ ಗುಂಡುಗಳು ಅಂಚಿನಲ್ಲಿ ಜೋತು ಬಿದ್ದಿವೆ, ಎಡಗಡೆಯವು ಬಹುಪಾಲು ಅಚ್ಚಿಗೆ ಅಂಟಿಕೊಂಡಿವೆ. ತಿರುಗದೆ ಇರುವುದೇ ಅನ್ಯಾಯ ಅನ್ನಿಸುತ್ತದೆ. ಒಂಬೈನೂರು ವರ್ಷ ಜನರನ್ನು ಕೂರಿಸಿರುವುದು ಈ ನೋಟವೇ. ಆದ್ದರಿಂದ ಅಚ್ಚಿನ ನಡುವಿನಿಂದ ತೂಗುಗುಂಡಿನ ದಾರ ಇಳಿಬಿಟ್ಟು, ದಾರದಿಂದ ಪ್ರತಿ ಗುಂಡಿಗೆ ಇರುವ ಅಡ್ಡ ದೂರ ಅಳೆಯಿರಿ. ಎತ್ತರ ಬೇಡ, ಅಡ್ಡ ದೂರ ಮಾತ್ರ.

ಮೊದಲ ನಿಲುವು, ಒಂದು ಗುಂಡು ಆಗಷ್ಟೇ ಹೊರಗೆ ಉರುಳಿದಾಗ. ನಕ್ಷೆಯ ಮೇಲಿನ ಅಡ್ಡ ದೂರ, ಮಿಲಿಮೀಟರಿನಲ್ಲಿ:

ಬಲಕ್ಕೆ 4 ಗುಂಡು: 190.5, 220, 190.5, 110. ಒಟ್ಟು 711.
ದಾರದ ಕೆಳಗೆ 1 ಗುಂಡು: 0.
ಎಡಕ್ಕೆ 7 ಗುಂಡು: 110, 31, 85, 116, 116, 85, 31. ಒಟ್ಟು 574.

ಬಲಕ್ಕೆ 137 ಹೆಚ್ಚು. ಚಕ್ರ ಬಲಕ್ಕೆ ತಿರುಗಲೇಬೇಕು, ತಿರುಗುತ್ತದೆ ಕೂಡ. ಪುಸ್ತಕದ ಚಿತ್ರಗಳಲ್ಲಿ, ವಿಡಿಯೊಗಳಲ್ಲಿ ತೋರಿಸುವುದು ಇಂಥ ನಿಲುವನ್ನೇ. ಇಲ್ಲಿಂದ 13 ಡಿಗ್ರಿ ಮುಂದೆ ಹೋದರೆ ಎರಡೂ ಕಡೆ ಸಮ. 25 ಡಿಗ್ರಿ ಮುಂದೆ ಹೋಗಿ ಮತ್ತೆ ಅಳೆದರೆ ಬಲಕ್ಕೆ ಐದು ಗುಂಡು ಸೇರಿ 585, ಎಡಕ್ಕೆ ಏಳು ಸೇರಿ 714. ಈಗ ಎಡಕ್ಕೇ 129 ಹೆಚ್ಚು, ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ಐದು ಡಿಗ್ರಿಯೊಳಗೆ ಮುಂದಿನ ಗುಂಡು ಉರುಳಿ, ಆಟ ಮೊದಲಿನಿಂದ. ಪ್ರತಿ 30 ಡಿಗ್ರಿಗೂ ಒಂದು ಗುಂಡಿ, ಒಂದು ದಿಬ್ಬ. ಗುಂಡಿಯಲ್ಲಿ ಸಿಕ್ಕಷ್ಟೇ ದಿಬ್ಬ ಹತ್ತಲು ಖರ್ಚಾಗುತ್ತದೆ. ಎಡಗಡೆ ಗುಂಡುಗಳು ಅಚ್ಚಿಗೆ ಹತ್ತಿರ ಇರುವುದು ನಿಜ, ಆದರೆ ಅವು ಸಂಖ್ಯೆಯಲ್ಲಿ ಹೆಚ್ಚು.

ಸ್ಲಾಟಿನ ಕೋನ ಬದಲಾಯಿಸಿದರೆ ಗೆಲ್ಲಬಹುದೇ ಎಂದು 30 ಡಿಗ್ರಿ ಮತ್ತು 60 ಡಿಗ್ರಿಗೂ ಕಾಗದದ ಮೇಲೆ ಇದೇ ಲೆಕ್ಕ ಹಾಕಿದ್ದಾಯಿತು. ದಿಬ್ಬದ ಜಾಗ, ಎತ್ತರ ಬದಲಾಗುತ್ತವೆ. ಒಂದು ಸುತ್ತಿನ ಒಟ್ಟು ಸೊನ್ನೆಗೇ ಬಂದು ನಿಲ್ಲುತ್ತದೆ. ಮರ ಕತ್ತರಿಸುವ ಮೊದಲು ಕಾಗದ ಕತ್ತರಿಸಿ.

ಹಂತ 6: ಓಟದ ಪರೀಕ್ಷೆ

ಪ್ರತಿ ಸಲವೂ ಒಂದೇ ತಳ್ಳು ಸಿಗಲಿ ಎಂದು ಅಚ್ಚಿಗೆ 40 ಮಿ.ಮೀ. ವ್ಯಾಸದ ಮರದ ಉರುಳೆ ಹಾಕಿ, ದಾರ ಸುತ್ತಿ, 200 ಗ್ರಾಂ ತೂಕವನ್ನು 500 ಮಿ.ಮೀ. ಎತ್ತರದಿಂದ ಬಿಡುವ ಯೋಜನೆ. ಗುಂಡು ಅಲ್ಲಾಡದಂತೆ ಕಟ್ಟಿದ ಚಕ್ರಕ್ಕೆ ಚೆನ್ನಾಗಿ ನಡೆಯಿತು, ದಾರ ಬಿಚ್ಚುವಾಗ ನಿಮಿಷಕ್ಕೆ 41 ಸುತ್ತಿನ ವೇಗ ಬಂತು. ಗುಂಡು ಸಡಿಲ ಬಿಟ್ಟ ಚಕ್ರ ಜಪ್ಪಯ್ಯ ಅಂದರೂ ಹೊರಡಲಿಲ್ಲ. 200 ಗ್ರಾಂ ತೂಕ ದಾರದಲ್ಲಿ ನೇತಾಡುತ್ತ ನಿಂತೇ ಇತ್ತು. ದಿಬ್ಬ ದಾಟಿಸಲು ಕನಿಷ್ಠ 260 ಗ್ರಾಂ ಬೇಕೆಂದು ಲೆಕ್ಕ. 300 ಗ್ರಾಂ ಹಾಕಿದಾಗ ಕುಂಟುತ್ತ ಹೊರಟಿತು. ಪುಕ್ಕಟೆ ತಿರುಗಬೇಕಾದ ಚಕ್ರ ಎಳೆದರೂ ಬರಲಿಲ್ಲ ಎಂಬುದನ್ನು ಗಮನಿಸಿ.

ಕೊನೆಗೆ ಕೈಯಿಂದಲೇ ತಳ್ಳಿ, ಅಂಚಿಗೆ ಬಿಳಿ ಟೇಪು ಅಂಟಿಸಿ, ಸೆಕೆಂಡಿಗೆ 240 ಚೌಕಟ್ಟಿನ ನಿಧಾನ ವಿಡಿಯೊ ತೆಗೆದದ್ದು. ಒಂದು ಸುತ್ತಿಗೆ 360 ಚೌಕಟ್ಟು ಹಿಡಿದ ಕ್ಷಣ ಎಂದರೆ ನಿಮಿಷಕ್ಕೆ 40 ಸುತ್ತು. ಗಡಿಯಾರ ಶುರುವಾಗುವುದು ಅಲ್ಲಿಂದ.

ಗುಂಡುಗಳನ್ನು ಹೊರತುದಿಯಲ್ಲಿ ಸ್ಪಂಜು ತುರುಕಿ ಕಟ್ಟಿದಾಗ: 6 ನಿ. 52 ಸೆ., 6 ನಿ. 41 ಸೆ., 6 ನಿ. 47 ಸೆ.
ಒಳತುದಿಯಲ್ಲಿ ಕಟ್ಟಿದಾಗ: 5 ನಿ. 50 ಸೆ. ಆಸುಪಾಸು. ಭಾರ ನಡುವಿಗೆ ಬಂದರೆ ಚಕ್ರ ಹಿಡಿದಿಡುವ ಓಟ ಕಡಿಮೆ, ಆದ್ದರಿಂದ ಈ ಇಳಿಕೆ ಸಹಜ. ಎರಡೂ ರೀತಿ ಕಟ್ಟಿ ನೋಡದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.
ಗುಂಡು ಸಡಿಲ ಬಿಟ್ಟಾಗ: ಮೂರು ಸಲವೂ ನಾಲ್ಕನೇ ಸುತ್ತು ಮುಗಿಯುವ ಮೊದಲೇ ನಿಂತಿತು, ಹತ್ತು ಸೆಕೆಂಡಿನೊಳಗೆ.

ನಿಧಾನ ವಿಡಿಯೊದಲ್ಲಿ ಕಾರಣ ಬರಿಗಣ್ಣಿಗೇ ಕಾಣುತ್ತದೆ. ಸ್ಲಾಟು ಮಟ್ಟಸಕ್ಕೆ ಬಂದ ಕ್ಷಣವೇ ಗುಂಡು ಹೊರಡುವುದಿಲ್ಲ. ಅದು ಹೊರಟು 160 ಮಿ.ಮೀ. ಉರುಳುವಷ್ಟರಲ್ಲಿ ಚಕ್ರ ಇನ್ನೂ ಬಹಳ ತಿರುಗಿರುತ್ತದೆ, ಸ್ಲಾಟು ಕಡಿದಾಗಿ ಇಳಿದಿರುತ್ತದೆ, ಗುಂಡು ಬಿದ್ದು ಗೋಡೆಗೆ ಬಡಿಯುತ್ತದೆ. ಆ ಬೀಳುವಿಕೆಯ ಎತ್ತರವನ್ನು ಚಕ್ರವೇ ಮೊದಲು ಎತ್ತಿ ಕೊಟ್ಟದ್ದು. ಪ್ರತಿ ಸುತ್ತಿಗೂ 24 ಬಡಿತ.

ಸದ್ದೇ ನಷ್ಟ ಎಂದುಕೊಂಡು ತುದಿಗಳಿಗೆ 2 ಮಿ.ಮೀ. ರಬ್ಬರ್ ಅಂಟಿಸಿದ್ದು ವ್ಯರ್ಥ. ಸದ್ದು ಹೋಯಿತು, ಸುತ್ತುಗಳು ಹೆಚ್ಚಲಿಲ್ಲ.

ಒಂದು ಎಚ್ಚರಿಕೆ. ನಿಮಿಷಕ್ಕೆ ಸುಮಾರು 70 ಸುತ್ತು ದಾಟಿಸಿ ತಳ್ಳಿದರೆ ಗುಂಡುಗಳು ಅಂಚಿಗೆ ಎಸೆಯಲ್ಪಟ್ಟು ಅಲ್ಲೇ ಅಂಟಿಕೊಳ್ಳುತ್ತವೆ, ವಾಪಸ್ ಬರುವುದೇ ಇಲ್ಲ. ಆಗ ಅದು ಮಾಮೂಲಿ ಫ್ಲೈವೀಲ್ (ಒಮ್ಮೆ ತಳ್ಳಿದ ವೇಗದಲ್ಲೇ ಓಡುವ ಭಾರದ ಚಕ್ರ), ಸದ್ದಿಲ್ಲದೆ ನಿಮಿಷಗಟ್ಟಲೆ ತಿರುಗುತ್ತದೆ. ಜೋರಾಗಿ ತಳ್ಳಿ ವಿಡಿಯೊವನ್ನು ಎರಡು ನಿಮಿಷಕ್ಕೆ ಕತ್ತರಿಸಿದರೆ ಯಾರನ್ನಾದರೂ ನಂಬಿಸಬಹುದು. ವೇಗ ಇಳಿದು ಮೊದಲ ಗುಂಡು ಕಳಚಿದ ಕೂಡಲೇ ಚಕ್ರ ಕೆಲವೇ ಸುತ್ತಿನಲ್ಲಿ ಸತ್ತುಹೋಗುತ್ತದೆ.

ಹಂತ 7: ಆಯಸ್ಕಾಂತ

ಗುಂಡಿನ ಬದಲು ಆಯಸ್ಕಾಂತದ ಎಳೆತದಿಂದ ಚಕ್ರ ಓಡೀತೇ ಎಂದು ನೋಡಿದ್ದು. ಉಕ್ಕಿನ ಗುಂಡುಗಳನ್ನು ಮೊದಲು ಹೊರತೆಗೆಯಿರಿ, ಇಲ್ಲದಿದ್ದರೆ ಎಲ್ಲವೂ ಒಂದೇ ಕಡೆ ಸೇರಿ ಕೂರುತ್ತವೆ. ಅಂಚಿಗೆ 10 ಮಿ.ಮೀ. ವ್ಯಾಸದ ಒಂದು ನಿಯೋಡಿಮಿಯಂ ಆಯಸ್ಕಾಂತದ ಬಿಲ್ಲೆ, ಎದುರಿನ ಹಲಗೆಯ ಮೇಲೆ ಚಕ್ರದ ಬಾಗಿಗೆ ಸರಿಯಾಗಿ, ಒಂದು ತುದಿ ಅಗಲ ಒಂದು ತುದಿ ಕಿರಿದಾದ ಎರಡು ಸಾಲು ಬಿಲ್ಲೆ. ಅಂಚಿನ ಬಿಲ್ಲೆ ಅಗಲದ ಕಡೆಯಿಂದ ಒಳಗೆ ಎಳೆಯಲ್ಪಟ್ಟು ವೇಗವಾಗಿ ಓಡಿ ಕಿರಿದಾದ ತುದಿಗೆ ಬರುತ್ತದೆ, ಅಲ್ಲಿ ದಾಟದೆ ಹಿಂದೆ ಮುಂದೆ ತೂಗಿ ನಿಲ್ಲುತ್ತದೆ. ಒಳಗೆ ಎಳೆದ ಬಲವೇ ಹೊರಗೆ ಬಿಡುವುದಿಲ್ಲ. ಅಂತರ 4 ಮಿ.ಮೀ.ನಿಂದ 15 ಮಿ.ಮೀ.ವರೆಗೆ ಬದಲಾಯಿಸಿದ್ದು, ಕೊನೆಯ ಬಿಲ್ಲೆ ತೆಗೆದದ್ದು, ಕಬ್ಬಿಣದ ತಗಡು ಅಡ್ಡ ಇಟ್ಟದ್ದು, ಯಾವುದೂ ನಡೆಯಲಿಲ್ಲ. ತಗಡು ಅಡ್ಡ ಹೋಗುವಾಗ ಹಗುರ, ತೆಗೆಯುವಾಗ ಅಷ್ಟೇ ಬಿಗಿ. ಕೈಯಲ್ಲಿ ಹಿಡಿದು ಸರಿಯಾದ ಹೊತ್ತಿಗೆ ಹಲಗೆಯನ್ನು ದೂರ ಹತ್ತಿರ ಮಾಡಿದರೆ ಮಾತ್ರ ಚಕ್ರ ನಿಲ್ಲದೆ ತಿರುಗುತ್ತದೆ, ಆಗ ಕೆಲಸ ಮಾಡುತ್ತಿರುವುದು ಮಣಿಕಟ್ಟು. ಎರಡು ಬಿಲ್ಲೆ ಎಗರಿ ಒಂದಕ್ಕೊಂದು ಬಡಿದು ಚೂರಾದವು. ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಹಂತ 8: ಮೋಟರಿಗೆ ಜನರೇಟರ್ ಕಟ್ಟಿದ್ದು

ಮೋಟರ್ ಜನರೇಟರನ್ನು ತಿರುಗಿಸಬೇಕು, ಜನರೇಟರಿನ ಕರೆಂಟು ಮೋಟರನ್ನು ಓಡಿಸಬೇಕು, ಹೀಗೆ ನಿಲ್ಲದೆ ನಡೆಯಬೇಕು ಎಂಬುದು ಇಲ್ಲಿನ ಉಪಾಯ. ಒಂದೇ ಬಗೆಯ ಎರಡು 12 ವೋಲ್ಟ್ ಡಿಸಿ ಮೋಟರ್ (ಒಂದು ಮೋಟರಾಗಿ, ಇನ್ನೊಂದು ಜನರೇಟರಾಗಿ), ಅಚ್ಚಿಗೆ ಅಚ್ಚು ಕಪ್ಲಿಂಗ್ ಹಾಕಿ. ಬ್ಯಾಟರಿ ಬಳಸಬೇಡಿ. ಹೊರೆ ತೆಗೆದ ಮೇಲೆ ಬ್ಯಾಟರಿಯ ವೋಲ್ಟೇಜು ತಾನಾಗಿ ಸ್ವಲ್ಪ ಏರುತ್ತದೆ, ಅದನ್ನೇ ಚಾರ್ಜ್ ಆಯಿತು ಎಂದು ಓದುವ ಅಪಾಯವಿದೆ. ಅದರಲ್ಲಿ ಎಷ್ಟು ಉಳಿದಿದೆ ಎಂದು ವೋಲ್ಟೇಜು ನೋಡಿ ಹೇಳುವುದೂ ಕಷ್ಟ. ಸೂಪರ್ ಕೆಪಾಸಿಟರಿನಲ್ಲಿ (ಇದೂ ವಿದ್ಯುತ್ ಕೂಡಿಡುವ ಬಿಡಿಭಾಗ) ಲೆಕ್ಕ ನೇರ. 2.7 ವೋಲ್ಟ್, 10 ಫ್ಯಾರಡ್‌ನ ಆರು ಕೆಪಾಸಿಟರ್ ಸಾಲಾಗಿ ಜೋಡಿಸಿದರೆ 1.67 ಫ್ಯಾರಡ್. 12 ವೋಲ್ಟಿಗೆ 120 ಜೂಲ್, 6 ವೋಲ್ಟಿಗೆ 30 ಜೂಲ್. 12ರಿಂದ 6ಕ್ಕೆ ಇಳಿಯುವಷ್ಟರಲ್ಲಿ ಖರ್ಚಾದದ್ದು 90 ಜೂಲ್. ಚಾರ್ಜ್ ಮಾಡುವಾಗ ಒಂದೊಂದರ ಮೇಲೂ ಮೀಟರ್ ಇಟ್ಟು ನೋಡಿ. ಒಂದು 2 ವೋಲ್ಟಿನ ಬದಲು 2.6ಕ್ಕೆ ಹೋಗಿತ್ತು, ಅದನ್ನು ಬದಲಾಯಿಸಬೇಕಾಯಿತು.

12ರಿಂದ 6ಕ್ಕೆ ಇಳಿಯಲು ಹಿಡಿದ ಸಮಯ:

ಮೋಟರ್ ಒಂದೇ: 50 ಸೆಕೆಂಡ್.
ಜನರೇಟರ್ ಕಪ್ಲಿಂಗ್ ಹಾಕಿ, ಅದರ ತಂತಿ ಬಿಟ್ಟು: 33 ಸೆಕೆಂಡ್.
ಜನರೇಟರಿನ ತಂತಿಯನ್ನು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಕೆಪಾಸಿಟರಿಗೆ ವಾಪಸ್ ಕೊಟ್ಟು: 33 ಸೆಕೆಂಡ್.
ನಡುವೆ ವೋಲ್ಟೇಜು ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕಿ: 24 ಸೆಕೆಂಡ್.

ಮೂರನೆಯದು ಎರಡನೆಯದಕ್ಕೆ ಸಮವಾಗಿ ಬಂದದ್ದಕ್ಕೆ ತಂತಿ ಕಿತ್ತುಹೋಗಿದೆ ಎಂದು ಮೊದಲು ಅನುಮಾನ. ಬೆಸುಗೆ ಎಲ್ಲ ಸರಿ ಇತ್ತು. ಮೋಟರಿಗೆ 12 ವೋಲ್ಟ್ ಕೊಟ್ಟಾಗ ಜನರೇಟರಿನಿಂದ ಬರುವುದು 11.3, ಕೆಪಾಸಿಟರಿನಲ್ಲಿ ಇರುವುದಕ್ಕಿಂತ ಕಡಿಮೆ, ಆದ್ದರಿಂದ ಡಯೋಡ್ ಯಾವತ್ತೂ ತೆರೆಯುವುದೇ ಇಲ್ಲ. ಒಂದು ಹನಿಯೂ ವಾಪಸ್ ಹೋಗಿರಲಿಲ್ಲ. ಮಾಡ್ಯೂಲ್ ಹಾಕಿ ಬಲವಂತವಾಗಿ ಕಳಿಸಿದಾಗ ಜನರೇಟರ್ ಭಾರವಾಯಿತು, ಮೋಟರ್ ಹೆಚ್ಚು ಕರೆಂಟು ಎಳೆಯಿತು, ಸಮಯ ಇನ್ನೂ ಇಳಿಯಿತು.

ಇದೇ ಜೋಡಣೆ ವಿಡಿಯೊದಲ್ಲಿ ನಿಲ್ಲದೆ ಓಡುತ್ತಿದ್ದರೆ ಮೇಜಿನ ಕೆಳಗೆ ನೋಡಿ. ಆಯಸ್ಕಾಂತ ಮುಟ್ಟಿಸಿದರೆ ಉರಿಯುವ ಎಲ್‌ಇಡಿ ಬಲ್ಬು ಬಹುತೇಕ ಕರೆಂಟು ಹೋದಾಗ ಉರಿಯುವ ಎಮರ್ಜೆನ್ಸಿ ಬಲ್ಬು, ಒಳಗೇ ಸೆಲ್ ಇದೆ. ಅದರ ಎರಡು ತುದಿಗೆ ಒದ್ದೆ ಬೆರಳು ಅಡ್ಡ ಇಟ್ಟರೂ ಉರಿಯುತ್ತದೆ. ಈ ಕಸುಬು ಹಳೆಯದು. 1813ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಪ್ರದರ್ಶನಕ್ಕಿಟ್ಟ ಯಂತ್ರದ ಓಟ ಒಂದೇ ಸಮ ಇಲ್ಲದ್ದನ್ನು ಸ್ಟೀಮ್ ದೋಣಿಯ ರಾಬರ್ಟ್ ಫುಲ್ಟನ್ ಗಮನಿಸಿದ. ಗೋಡೆಗೆ ಆನಿಸಿದ್ದ ಪಟ್ಟಿ ಕಿತ್ತಾಗ ಒಳಗೆ ಕರುಳಿನ ದಾರದ ಬೆಲ್ಟು ಸಿಕ್ಕಿತು. ಅದರ ಜಾಡು ಹಿಡಿದು ಅಟ್ಟ ಹತ್ತಿದರೆ ಅಲ್ಲಿ ಮುದುಕನೊಬ್ಬ ಹಿಡಿ ತಿರುಗಿಸುತ್ತ ಕೂತಿದ್ದ. ಕೈಯಿಂದ ತಿರುಗಿಸಿದ್ದು ಏರಿಳಿಯುತ್ತದೆ, ಅದನ್ನು ಕಿವಿಯಿಂದಲೂ ಹಿಡಿಯಬಹುದು.

ಉಳಿದ ಕೆಲಸ

ಎದುರಿನ ಅಕ್ರಿಲಿಕ್ 9ನೇ ಸ್ಲಾಟಿನ ಪಕ್ಕದ ತಿರುಪಿನಿಂದ ಸೀಳಿದೆ. 4 ಮಿ.ಮೀ. ತಿರುಪಿಗೆ 4 ಮಿ.ಮೀ. ತೂತನ್ನೇ ಕೊರೆದದ್ದು ತಪ್ಪು, 4.5 ಕೊರೆದು, ಕೆಳಗೆ ವಾಷರ್ ಇಟ್ಟು, ಕೈಬಿಗಿಯಷ್ಟೇ ಬಿಗಿಯಬೇಕು. ಹೊಸ ಹಾಳೆ ಹಾಕಿದ ಮೇಲೆ ಸಮತೂಕ ಮತ್ತೆ ಮೊದಲಿನಿಂದ. ಸ್ಪಂಜು ತುಂಡುಗಳನ್ನು ಬಿಸಾಡಿಲ್ಲ, ಅದೇ ಡಬ್ಬಿಯಲ್ಲಿವೆ.